ಇಪ್ಪತ್ತೊಂಬತ್ತು ಮಂದಿಯ ಎದುರು ಹೆರಾಲ್ಡ್

ಶಿಕಾಗೊದ ಸ್ಟೇಟ್ ಸ್ಟ್ರೀಟಿನಲ್ಲಿ ಛಾವಣಿಯ ಮೇಲೆ ದೊಡ್ಡ ದೊಡ್ಡ ಗೂಬೆಗಳ ಶಿಲ್ಪ ಹೊತ್ತ ಕೆಂಪು ಕಟ್ಟಡವೊಂದಿದೆ. ಅದು ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯ. ಮಗಳ ಕಚೇರಿ ಬಿಡುವವರೆಗೆ ಕುಳಿತಿರೋಣವೆಂದು ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಒಂಬತ್ತನೆಯ ಮಹಡಿಯಲ್ಲಿ ಗಾಜಿನ ಮಾಡಿನ ವಿಶಾಲ ಅಂಗಳ. ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಕಪ್ಪು ಮಹಿಳೆಯೊಬ್ಬರನ್ನು ಈ ಹೆರಾಲ್ಡ್ ಯಾರೆಂದು ಕೇಳಿದೆ. ಶಿಕಾಗೊದ ಮೊದಲ ಕಪ್ಪು ಮೇಯರ್ ಎಂದು ಶುರುಮಾಡಿ ಸಂಜೆಯವರೆಗೂ ಹೇಳಿದರು.

ಹೆರಾಲ್ಡ್ ಹುಟ್ಟಿದ್ದು 1922ರಲ್ಲಿ, ಅದೇ ಊರಿನಲ್ಲಿ. ತಂದೆ ವಕೀಲರು, ಪಾದ್ರಿ, ಡೆಮಾಕ್ರಟಿಕ್ ಪಕ್ಷದ ಕಾರ್ಯಕರ್ತ. ಮಗನೂ ಯುದ್ಧದಿಂದ ಬಂದು ಕಾನೂನು ಓದಿ, 1965ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಸೇರಿದರು. ಮಾರ್ಟಿನ್ ಲೂಥರ್ ಕಿಂಗ್ ಜನ್ಮದಿನಕ್ಕೆ ರಜೆ ಕೊಡುವ ಮಸೂದೆ ತಂದವರು ಅವರೇ. 1973ರಲ್ಲಿ ಅದು ಕಾನೂನಾಯಿತು. ತೆರಿಗೆ ವಿವರ ಸಲ್ಲಿಸದ್ದಕ್ಕೆ ಜೈಲಿಗೂ ಹೋಗಿ ಬಂದಿದ್ದರು. ಆ ಮಹಿಳೆ ಅದನ್ನೂ ಮುಚ್ಚಿಡಲಿಲ್ಲ.

ನಮ್ಮಲ್ಲಿ ಕಾರ್ಪೊರೇಟರುಗಳು ಮೇಯರನ್ನು ಆರಿಸುತ್ತಾರೆ, ಅಲ್ಲಿ ಮತದಾರರೇ ನೇರವಾಗಿ ಆರಿಸುತ್ತಾರೆ. ಆಗ ಅದು ಡೆಮಾಕ್ರಟಿಕ್ ಟಿಕೆಟ್ ಸಿಕ್ಕಿದರೆ ಗೆದ್ದಂತೆಯೇ ಎನ್ನುವ ಊರಾಗಿತ್ತು. ಆದರೆ 1983ರಲ್ಲಿ ಕಪ್ಪು ಅಭ್ಯರ್ಥಿಗೆ ಟಿಕೆಟ್ ಸಿಕ್ಕಾಗ, ಅದೇ ಪಕ್ಷದ ಎಷ್ಟೋ ಬಿಳಿಯ ನಾಯಕರು ರಿಪಬ್ಲಿಕನ್ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ಕಡೆಗೆ ವಾಲಿದರು. ಹೆರಾಲ್ಡ್ ಕೂದಲೆಳೆಯಲ್ಲಿ ಗೆದ್ದರು. ಕೋಟಿಗೆ ಸಿಕ್ಕಿಸಿಕೊಂಡಿದ್ದ ಅವರ ಪ್ರಚಾರದ ನೀಲಿ ಬಿಲ್ಲೆಯನ್ನು ಈ ಮಹಿಳೆ ಇನ್ನೂ ಇಟ್ಟುಕೊಂಡಿದ್ದಾರಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ನಗರಸಭೆಯ ಐವತ್ತು ಸದಸ್ಯರಲ್ಲಿ ಇಪ್ಪತ್ತೊಂಬತ್ತು ಮಂದಿ ಹೆರಾಲ್ಡರದೇ ಪಕ್ಷದ ಸದಸ್ಯ ಎಡ್ವರ್ಡ್ ವರ್ಡೋಲ್ಯಾಕ್ ಹಿಂದೆ ನಿಂತು, ಮೇಯರ್ ಮಾಡಿದ ನೇಮಕಗಳನ್ನೆಲ್ಲ ತಡೆಹಿಡಿದರು. ಮೇಯರ್ ಕಡೆ ಇದ್ದವರು ಇಪ್ಪತ್ತೊಂದು. ಆದರೆ ಮೇಯರ್ ತಿರಸ್ಕರಿಸಿದ ನಿರ್ಣಯವನ್ನು ಮತ್ತೆ ಅಂಗೀಕರಿಸಲು ಮೂವತ್ತನಾಲ್ಕು ಮತ ಬೇಕು, ಅದು ವಿರೋಧಿಗಳಿಗೂ ಇರಲಿಲ್ಲ. ಆ ಲೆಕ್ಕವನ್ನೇ ಹಿಡಿದು ಹೆರಾಲ್ಡ್ ಮೂರು ವರ್ಷ ಆಡಳಿತ ನಡೆಸಿದರು. ಶಾಸನಸಭೆಯಲ್ಲಿ ವರ್ಷಗಟ್ಟಲೆ ಮತ ಎಣಿಸಿ ಪಳಗಿದವರಿಗಲ್ಲದೆ ಬೇರೆಯವರಿಗೆ ಇದು ಸಾಧ್ಯವಿರಲಿಲ್ಲ ಎಂದು ನನ್ನ ನಂಬಿಕೆ. ಹೆರಾಲ್ಡ್ ಬರುವ ಮೊದಲೇ ವಾರ್ಡುಗಳ ಗಡಿಯನ್ನು ಕಪ್ಪು ಮತ್ತು ಲ್ಯಾಟಿನೊ ಮತದಾರರಿಗೆ ಅನ್ಯಾಯವಾಗುವಂತೆ ಎಳೆಯಲಾಗಿತ್ತು. ನ್ಯಾಯಾಲಯದ ಆದೇಶದಂತೆ 1986ರಲ್ಲಿ ಏಳು ವಾರ್ಡುಗಳಿಗೆ ಮತ್ತೆ ಚುನಾವಣೆ ನಡೆದು, ಬಲಾಬಲ ಇಪ್ಪತ್ತೈದು–ಇಪ್ಪತ್ತೈದಾಯಿತು. ನಿರ್ಣಾಯಕ ಮತ ಮೇಯರದ್ದು!

ನಗರಾಡಳಿತಕ್ಕೆ ನೀತಿ ಸಂಹಿತೆಯೊಂದು ಬಂದದ್ದು ಆ ಬಳಿಕವೇ, 1987ರಲ್ಲಿ. ಅದೇ ವರ್ಷ ಹೆರಾಲ್ಡ್ ಮತ್ತೆ ಗೆದ್ದರು. ನವೆಂಬರ್ 25ರಂದು ಕಚೇರಿಯ ಮೇಜಿನ ಮುಂದೆ ಕುಳಿತಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ 65. ಈ ಗ್ರಂಥಾಲಯ ತೆರೆದದ್ದು 1991ರಲ್ಲಿ, ಅವರು ನೋಡಲೇ ಇಲ್ಲ.

ಅಂತಿಮ ದರ್ಶನಕ್ಕೆ ಸಿಟಿ ಹಾಲ್ ಮುಂದೆ ಚಳಿಯಲ್ಲಿ ಸಾಲು ನಿಂತಿದ್ದವರಲ್ಲಿ ಆ ಮಹಿಳೆಯೂ ಒಬ್ಬರು. ತಡೆಯಿಲ್ಲದೆ ಕೆಲಸ ಮಾಡಲು ಹೆರಾಲ್ಡ್‌ಗೆ ಸಿಕ್ಕಿದ್ದು ಒಂದೂವರೆ ವರ್ಷ, ಜಗಳಕ್ಕೆ ಹೋದದ್ದು ಮೂರು ವರ್ಷ ಎಂದು ಬೆರಳು ಮಡಚಿ ತೋರಿಸಿದರು. ಆ ಇಪ್ಪತ್ತೊಂಬತ್ತು ಮಂದಿಯ ಮೇಲಿನ ಸಿಟ್ಟು ಅವರಿಗೆ ಇನ್ನೂ ಆರಿಲ್ಲ. ಈಗ ನನಗೂ ಅದು ಅಂಟಿಕೊಂಡಿದೆ.