ಸೂಪು ಗೋಡೆಗೆ ಹಾರಿದ ಸಂಜೆ

2024ರ ಡಿಸೆಂಬರ್ 1, ಭಾನುವಾರ. ಕಡಲೆಕಾಯಿ ಪರಿಷೆ ಮುಗಿದು ಇನ್ನೂ ವಾರ ಆಗಿರಲಿಲ್ಲ. ಹಿಂದಿನ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತ್ತು. ಅತ್ತ ಕಡಲಲ್ಲಿ ಗಾಳಿ ಎದ್ದರೆ ಇತ್ತ ಬೆಂಗಳೂರಲ್ಲಿ ಸ್ವೆಟರ್ ಹೊರಗೆ ಬರುತ್ತದೆ. ಮೋಡ, ಜಿಟಿಜಿಟಿ ಮಳೆ, ಸಂಜೆ ನಾಲ್ಕಕ್ಕೇ ಲೈಟು ಹಾಕಬೇಕು.

ಮಗಳಿಗೆ ಮೂಗು ಕಟ್ಟಿತ್ತು. "ಅಮ್ಮಾ, ಸೂಪ್ ಮಾಡು. ಪ್ಯಾಕೆಟ್ಟಿಂದು ಬೇಡ" ಅಂದಳು. ನನಗೂ ಅದು ಸೇರುವುದಿಲ್ಲ. ಉಪ್ಪು ಹಾಕಿದ ಕಾರ್ನ್‌ಫ್ಲೋರ್ ಗಂಜಿ ಅಷ್ಟೇ.

ಹಿಂದಿನ ದಿನ ಗಾಂಧಿ ಬಜಾರಿನಿಂದ ಅವರೆಕಾಯಿ ತಂದಿದ್ದೆ. ಸಿಪ್ಪೆ ಮೂಸಿ ನೋಡಿಯೇ ಕೊಂಡಿದ್ದು. ಸೊಗಡು ಇದ್ದರೆ ಕೈಗೆಲ್ಲ ಎಣ್ಣೆ ಎಣ್ಣೆ ಅಂಟುತ್ತದೆ, ಸೋಪು ಹಾಕಿದರೂ ವಾಸನೆ ಹೋಗದು. ಬೆಳಿಗ್ಗೆಯೇ ಕಾಳು ನೆನೆಹಾಕಿದ್ದೆ. ಹಿತುಕಲು ಅತ್ತೆ ಕೂತರು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ. ನಾನು ಒತ್ತಿದ್ದು ಮಾತ್ರ ಸೋಫಾ ಕೆಳಗೆ.

ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿದೆ. ಹಿತುಕಿದ ಬೇಳೆ, ಒಂದು ಆಲೂಗಡ್ಡೆ, ನೀರು ಹಾಕಿ ಕುಕ್ಕರ್‌ನಲ್ಲಿ ಎರಡು ವಿಷಲ್. ಇಲ್ಲಿವರೆಗೆ ಎಲ್ಲ ಸರಿಯಿತ್ತು. ಆರಲು ಬಿಡುವಷ್ಟು ತಾಳ್ಮೆ ಯಾರಿಗಿದೆ? ಹೊಗೆಯಾಡುತ್ತಿದ್ದದ್ದನ್ನೇ ಮಿಕ್ಸಿ ಜಾರಿಗೆ ಕುತ್ತಿಗೆವರೆಗೆ ಸುರಿದೆ, ಮುಚ್ಚಳ ಒತ್ತಿದೆ, ಸ್ವಿಚ್ ತಿರುಗಿಸಿದೆ.

ಢಬ್!

ಮುಚ್ಚಳ ಒಂದು ಕಡೆ, ಸೂಪು ಇನ್ನೊಂದು ಕಡೆ. ಟೈಲ್ಸ್ ಮೇಲೆ, ಕ್ಯಾಲೆಂಡರ್ ಮೇಲೆ, ನನ್ನ ಮೊಣಕೈ ಮೇಲೆ ಹಸಿರು. ಬಿಸಿ ಪದಾರ್ಥ ಜಾರಲ್ಲಿ ತಿರುಗಿದ ಕೂಡಲೇ ಆವಿ ಒಮ್ಮೆಗೇ ಏಳುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಮುಚ್ಚಳವನ್ನೇ ತಳ್ಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಅದೇ ನಾಚಿಕೆ. ಆರಿಸಬೇಕು, ಅರ್ಧಕ್ಕಿಂತ ಜಾಸ್ತಿ ತುಂಬಬಾರದು.

ಇವರು ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು. "ಅದನ್ನ ಹಲ್ಲಿಗೇ ಇಟ್ಕೊಳ್ಳಿ" ಅಂತ ಗದರಿ, ಕೈಯನ್ನು ನಲ್ಲಿ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಆ ಚಳಿಯಲ್ಲಿ ತಣ್ಣೀರು! ಕೈ ಸ್ವಲ್ಪ ಕೆಂಪಾಯಿತು, ಬೊಬ್ಬೆ ಬರಲಿಲ್ಲ, ಪುಣ್ಯ.

ಕುಕ್ಕರ್‌ನಲ್ಲಿ ಇನ್ನೂ ಅರ್ಧ ಉಳಿದಿತ್ತು. ಅತ್ತೆ ಮಾತಾಡದೆ ಕಡಗೋಲು ತಂದು ಮಸೆದರು. ನೀರಾಗಿ ಕಂಡಿತು. ನಾನು ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಹಾಕಿದೆ. ಬಿಸಿಯದಕ್ಕೆ ನೇರವಾಗಿ ಹಿಟ್ಟು ಉದುರಿಸಿದರೆ ಗಂಟು ಕಟ್ಟುತ್ತದೆ, ಅಲ್ವಾ. ಐದು ನಿಮಿಷ ಕುದಿಸಿ, ಮೆಣಸು ಕುಟ್ಟಿ ಹಾಕಿ, ನಿಂಬೆ ಹಿಂಡಿದೆ. ಬಣ್ಣ ಹೇಳಿಕೊಳ್ಳುವ ಹಾಗಿರಲಿಲ್ಲ, ಕೆಸರೇ. ಆದರೆ ಅಲ್ಲೊಂದು ಇಲ್ಲೊಂದು ಇಡೀ ಬೇಳೆ ಬಾಯಿಗೆ ಸಿಗುತ್ತಿತ್ತು. ಮಿಕ್ಸಿಯಲ್ಲಿ ನುಣ್ಣಗಾಗಿದ್ದರೆ ಅದು ಸಿಗುತ್ತಿರಲಿಲ್ಲ. ಮಗಳು ಎರಡು ಲೋಟ ಕುಡಿದು, ಮೂಗು ಒರೆಸಿಕೊಂಡು ಹೋಗಿ ಮಲಗಿದಳು.

ಉಳಿದದ್ದು ಬೆಳಿಗ್ಗೆಗೆ ಗಟ್ಟಿಯಾಗಿತ್ತು. ಅತ್ತೆ ಅದಕ್ಕೆ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿಕೊಂಡರು.

"ಸೂಪು ಹೇಗಿದೆ ಅತ್ತೆ?" ಅಂತ ಕೇಳಿದೆ.

"ಸಾರು ಚೆನ್ನಾಗಾಗಿದೆ ಕಣೆ" ಅಂದರು.