ಹಳೆಯ ಎಸ್ಟೀಮಿನ ಮುಖ ಕೆಡಿಸದೆ ಹಾಕಿಸಿದ ಸ್ಟೀರಿಯೊ

ಹಳೆಯ ಕಾರಿಗೆ ಒಳ್ಳೆಯ ಸ್ಟೀರಿಯೊ ಬೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಅಂಗಡಿಯವರು ಮೊದಲು ಮುಂದಿಡುವುದು ಆಂಡ್ರಾಯ್ಡ್ ಪರದೆಯನ್ನು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಜಾಗವಿದೆಯೇ ಎಂಬುದು ಅವರಿಗೆ ಆಮೇಲಿನ ಮಾತು. ಇಲ್ಲದಿದ್ದರೆ ಕತ್ತರಿಸಿ ಮಾಡಿಕೊಡುತ್ತಾರೆ. ನಮ್ಮ ಮನೆಯಲ್ಲಿರುವುದು 1998ರ ಮಾರುತಿ ಎಸ್ಟೀಮ್. 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಿಕೊಂಡು ಇನ್ನೂ ಓಡುತ್ತಿರುವ ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ರೇಡಿಯೊಗೆಂದು ಇರುವ ಕಿಂಡಿಯ ಅಳತೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯ ಮಾನಕ ಸಂಸ್ಥೆ ಗೊತ್ತುಮಾಡಿದ ಈ ಅಳತೆಯೇ ಮುಂದೆ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ನಮ್ಮ ಅಂಗಡಿಗಳಲ್ಲಿ ಅದಕ್ಕೆ ‘ಸಿಂಗಲ್ ಡಿನ್’ ಎಂದೇ ಹೆಸರು. ದೊಡ್ಡ ಪರದೆಗಳಿಗೆ ಇದರ ಎರಡರಷ್ಟು, ಅಂದರೆ 100 ಮಿಲಿಮೀಟರ್ ಎತ್ತರ ಬೇಕು. ಎಸ್ಟೀಮ್ ತಯಾರಿಕೆ ನಿಂತು ಎಷ್ಟೋ ವರ್ಷಗಳಾಗಿರುವುದರಿಂದ, ಒಮ್ಮೆ ಕತ್ತರಿಸಿದ ಡ್ಯಾಶ್‌ಬೋರ್ಡಿಗೆ ಬದಲಿಯನ್ನು ಗುಜರಿ ಅಂಗಡಿಯಲ್ಲಿ ಹುಡುಕಬೇಕೇ ಹೊರತು ಬೇರೆ ದಾರಿಯಿಲ್ಲ.

ಆದ್ದರಿಂದ ನಾನು ಹಾಕಿಕೊಂಡ ನಿಯಮ ಸರಳವಾಗಿತ್ತು. ಕಣ್ಣಿಗೆ ಕಾಣುವ ಯಾವುದನ್ನೂ ಮುಟ್ಟಬಾರದು, ಕಾಣದಿರುವುದನ್ನೆಲ್ಲ ಬೇಕಾದಂತೆ ಬದಲಿಸಬಹುದು, ಮತ್ತು ಮುಚ್ಚಲಾಗದ ಒಂದು ತೂತನ್ನೂ ಕೊರೆಯಬಾರದು. ಕಾರು ತಯಾರಕರೇ ಇಂಥ ಕೆಲಸಕ್ಕೆ ಕೈಹಾಕಿದ ಉದಾಹರಣೆಗಳು ಇಲ್ಲದಿಲ್ಲ. ಪೋರ್ಷೆ ಕಂಪನಿ ತನ್ನ ಹಳೆಯ 911 ಕಾರುಗಳ ಡ್ಯಾಶ್‌ಬೋರ್ಡಿಗೆ ಒಪ್ಪುವಂಥ ಹೊಸ ರೇಡಿಯೊಗಳನ್ನು ತಾನೇ ಮಾರುತ್ತದೆ. ಬ್ಲೌಪುಂಕ್ಟ್ ಹೆಸರಿನಲ್ಲಿ 1980ರ ದಶಕದ ‘ಬ್ರೆಮೆನ್’ ಮಾದರಿಯ ರೂಪವನ್ನೇ ಹೊತ್ತ ಬ್ಲೂಟೂತ್ ರೇಡಿಯೊ ಬಂದಿದೆ. ಎಸ್ಟೀಮಿಗಾಗಿ ಯಾರೂ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ನನ್ನ ಕಾರಿನಲ್ಲಿದ್ದ ಕ್ಯಾಸೆಟ್ ಪ್ಲೇಯರ್ ನಿಜಕ್ಕೂ ಕಾರ್ಖಾನೆಯಿಂದ ಬಂದದ್ದಲ್ಲ, ಆ ಕಾಲದ ಪದ್ಧತಿಯಂತೆ ಕಾರು ಕೊಳ್ಳುವಾಗ ಷೋರೂಮಿನಲ್ಲಿ ಹಾಕಿಸಿಕೊಂಡದ್ದು. ಆದರೂ ಕಾರು ಮನೆಗೆ ಬಂದ ದಿನದಿಂದ ಅಲ್ಲೇ ಇರುವುದರಿಂದ ಅದನ್ನೇ ಮೂಲರೂಪವೆಂದು ಎಣಿಸುವುದರಲ್ಲಿ ತಪ್ಪಿಲ್ಲವೆಂದುಕೊಂಡೆ.

ಆ ಪ್ಲೇಯರಿನ ರೇಡಿಯೊ ಇನ್ನೂ ಚೆನ್ನಾಗಿ ಹಾಡುತ್ತಿತ್ತು. 612 ಕಿಲೊಹರ್ಟ್ಸಿನ ಬೆಂಗಳೂರು ಆಕಾಶವಾಣಿ, 102.9 ಮೆಗಾಹರ್ಟ್ಸಿನ ವಿವಿಧಭಾರತಿ, ಎರಡೂ ಸ್ಪಷ್ಟವಾಗಿ ಬರುತ್ತಿದ್ದವು. ಕೆಟ್ಟಿದ್ದು ಕ್ಯಾಸೆಟ್ ಭಾಗ. ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಅದನ್ನು ಒಯ್ದೆ. ಅವರು ಮೇಲಿನ ತಗಡನ್ನು ಬಿಚ್ಚಿದಾಗ ಮೋಟಾರಿನ ಬೆಲ್ಟು ಕರಗಿ ಡಾಂಬರಿನಂತೆ ಗಾಲಿಗೆ ಅಂಟಿಕೊಂಡಿತ್ತು, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರು ಗಟ್ಟಿಯಾಗಿ ಸೀಳುಬಿಟ್ಟಿತ್ತು. ಬೆಲ್ಟು ಹೊಸದು ಸಿಗುತ್ತದೆ, ಆದರೆ ನನ್ನ ಬಳಿ ಇರುವ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಹಿಡಿಯದವು ಹೆಚ್ಚಿಲ್ಲ. ಫೋನಿನಲ್ಲಿರುವ ಹಾಡನ್ನು ಈ ಪ್ಲೇಯರಿನ ಮೂಲಕವೇ ಕೇಳುವಂತಾಗಬೇಕು, ಹೊರಗಿನಿಂದ ಒಂದು ತಂತಿಯೂ ಕಾಣಬಾರದು ಎಂದೆ. ಅವರು ಬೋರ್ಡನ್ನು ತಿರುಗಿಸಿ ನೋಡಿ, ‘ಹೆಡ್ಡು, ಮೋಟಾರು ಎರಡೂ ಅಲ್ಲೇ ಇರ್ಲಿ ಸಾರ್, ಬಿಚ್ಚೋದು ಬೇಡ. ಪ್ರೀಆಂಪ್ ಆದಮೇಲೆ ಸಿಗ್ನಲ್ ಕೊಟ್ಬಿಡೋಣ’ ಎಂದರು.

ಅವರು ಹೇಳಿದ ಉಪಾಯ ಹೀಗಿದೆ. ಈ ಬಗೆಯ ಪ್ಲೇಯರುಗಳಲ್ಲಿ ಕ್ಯಾಸೆಟ್ ಒಳಗೆ ಕೂತೊಡನೆ ಒಂದು ಸಣ್ಣ ಎಲೆಸ್ವಿಚ್ಚು ಒತ್ತಿಕೊಂಡು ರೇಡಿಯೊದ ವಿದ್ಯುತ್ತನ್ನು ನಿಲ್ಲಿಸಿ ಮೋಟಾರಿಗೂ, ಹೆಡ್ಡು ಓದಿದ ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಟೇಪಿನ ಪ್ರೀಆಂಪಿಗೂ ಕೊಡುತ್ತದೆ. ಮೋಟಾರಿನ ತಂತಿಯನ್ನು ಬೆಸುಗೆ ಬಿಡಿಸಿ, ಆ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಲೂಟೂತ್ ಬೋರ್ಡಿಗೆ ಕೊಟ್ಟರೆ, ಕ್ಯಾಸೆಟ್ ತಳ್ಳಿದಾಗ ಬ್ಲೂಟೂತ್ ಜೀವ ಪಡೆಯುತ್ತದೆ, ಎಜೆಕ್ಟ್ ಒತ್ತಿದಾಗ ಪುನಃ ರೇಡಿಯೊ ಬರುತ್ತದೆ. ಬ್ಲೂಟೂತಿನ ಎಡ ಬಲ ಸಿಗ್ನಲುಗಳು ಸೇರಬೇಕಾದ ಜಾಗ ವಾಲ್ಯೂಮ್ ಕಂಟ್ರೋಲಿಗೆ ಮುಂಚಿನ ಬೆಸುಗೆಯ ತುದಿ. ಅಲ್ಲಿ ಟೇಪಿನ ಪ್ರೀಆಂಪಿನಿಂದ ಬರುವ ಕೆಪಾಸಿಟರಿನ ಒಂದು ಕಾಲನ್ನು ಎತ್ತಿಬಿಡಬೇಕು, ಇಲ್ಲವಾದರೆ ಖಾಲಿ ಹೆಡ್ಡಿನ ಹಿಸ್ಸೆನ್ನುವ ಸದ್ದು ಹಾಡಿನ ಜೊತೆ ಸೇರುತ್ತದೆ. ಬ್ಲೂಟೂತ್ ಬೋರ್ಡು ಕೊಡುವ ಸಿಗ್ನಲು ಟೇಪಿನದಕ್ಕಿಂತ ಜೋರಾಗಿರುವುದರಿಂದ ನಡುವೆ ರೆಸಿಸ್ಟರು ಹಾಕಿ ತಗ್ಗಿಸಿದರೆ, ರೇಡಿಯೊದಿಂದ ಹಾಡಿಗೆ ಬದಲಾಯಿಸಿದಾಗ ಕಿವಿಗೆ ಹೊಡೆದಂತಾಗುವುದಿಲ್ಲ. ವಾಲ್ಯೂಮ್, ಬಾಸ್, ಟ್ರೆಬಲ್ ಗುಬುಟುಗಳೆಲ್ಲ ಮೊದಲಿನಂತೆಯೇ ಕೆಲಸ ಮಾಡುತ್ತವೆ. ನಾಳೆ ಯಾರಿಗಾದರೂ ಕ್ಯಾಸೆಟ್ಟೇ ಬೇಕೆನಿಸಿದರೆ ಬೆಸುಗೆ ಬದಲಿಸಿ ಬೆಲ್ಟು ಹಾಕಿದರಾಯಿತು.

ಒಳಗೆ ಸ್ಪೀಕರುಗಳನ್ನು ಆಡಿಸುತ್ತಿದ್ದ ಪವರ್ ಐಸಿಯನ್ನು ಮಾತ್ರ ಕೆಲಸದಿಂದ ಬಿಡಿಸಿದೆವು. ಇದಕ್ಕೆ ಲೆಕ್ಕದ ಕಾರಣವಿದೆ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಆ ಕಾಲದ ಸಾಧಾರಣ ಐಸಿಗಳು ಸ್ಪೀಕರಿನ ಒಂದು ತುದಿಯನ್ನು ಕಾರಿನ ಲೋಹದ ಮೈಗೆ ಕಟ್ಟಿ ಇನ್ನೊಂದು ತುದಿಯನ್ನಷ್ಟೇ ಆಡಿಸುತ್ತಿದ್ದವು. ಆ ಜೋಡಣೆಯಲ್ಲಿ 4 ಓಮ್‌ ಸ್ಪೀಕರಿಗೆ ಸದ್ದು ಒಡೆಯದಂತೆ ಕೊಡಬಹುದಾದದ್ದು ಹೆಚ್ಚೆಂದರೆ ಆರೂವರೆ ವ್ಯಾಟ್. ಈಗಿನ ಐಸಿಗಳು ಎರಡೂ ತುದಿಗಳನ್ನು ಎದುರುಬದುರಾಗಿ ಆಡಿಸುವುದರಿಂದ ಅದರ ನಾಲ್ಕರಷ್ಟು, ಅಂದರೆ ಸುಮಾರು 26 ವ್ಯಾಟ್ ಸಾಧ್ಯ. ಹೊಸ ಪ್ಲೇಯರುಗಳ ಡಬ್ಬಿಯ ಮೇಲೆ 50 ವ್ಯಾಟ್ ಎಂದು ಅಚ್ಚಾಗಿದ್ದರೂ ಈ ಗಣಿತವನ್ನು ಮೀರಿ ಅವು ಶುದ್ಧವಾದ ಸದ್ದು ಕೊಡಲಾರವು. ಹೆಚ್ಚು ಬೇಕಾದರೆ ಒಳಗೇ ವೋಲ್ಟೇಜನ್ನು ಏರಿಸಿಕೊಳ್ಳುವ ಬೇರೆ ಆಂಪ್ಲಿಫಯರೇ ಬೇಕು. ಟೋನ್ ಕಂಟ್ರೋಲ್ ದಾಟಿದ ಜಾಗದಿಂದ ಶೀಲ್ಡೆಡ್ ವೈರಿನಲ್ಲಿ ಸಿಗ್ನಲನ್ನು ಹೊರತಂದು, ಕಾರ್ಪೆಟ್ಟಿನ ಕೆಳಗೆ ಹಾಯಿಸಿ, ಮುಂದಿನ ಎಡಸೀಟಿನ ಅಡಿಯಲ್ಲಿಟ್ಟ ನಾಲ್ಕು ಚಾನೆಲ್ಲಿನ ಆಂಪ್ಲಿಫಯರಿಗೆ ಕೊಟ್ಟೆವು.

ಆಂಪ್ಲಿಫಯರಿನ ಆಯ್ಕೆಯಲ್ಲಿ ನಾನು ಅಂಗಡಿಯವರ ಮಾತಿಗೆ ಒಪ್ಪಲಿಲ್ಲ. ಅವರು ಕೊಡಲು ಬಂದದ್ದು ಕ್ಲಾಸ್ ಡಿ ಬಗೆಯದು. ಅಂಗೈಯಗಲದ್ದು, ಬಿಸಿಯಾಗದು, ಬ್ಯಾಟರಿಯಿಂದ ಎಳೆಯುವ ವಿದ್ಯುತ್ತೂ ಕಡಿಮೆ. ಆದರೆ ಆ ಬಗೆಯವು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತ ಕೆಲಸ ಮಾಡುತ್ತವೆ, ಆ ಸ್ವಿಚ್ಚಿಂಗಿನ ಆವರ್ತನವೂ ಅದರ ಗುಣಕಗಳೂ ಆಕಾಶವಾಣಿ ಬರುವ ಮೀಡಿಯಂ ವೇವ್ ಪಟ್ಟಿಯ ಒಳಗೋ ಅಂಚಿಗೋ ಬಂದು ಬೀಳುತ್ತವೆ. ಸರಿಯಾದ ಫಿಲ್ಟರ್ ಇಲ್ಲದ ಅಗ್ಗದ ಮಾಲನ್ನು ಹಾಕಿಸಿಕೊಂಡರೆ 612ರಲ್ಲಿ ವಾರ್ತೆಯ ಬದಲು ಗೊರಗೊರ ಕೇಳಬೇಕಾಗುತ್ತದೆ. ಎಫ್‌ಎಂ ಮಾತ್ರ ಕೇಳುವವರಿಗೆ ಇದು ತಲೆನೋವಲ್ಲ. ಆಕಾಶವಾಣಿಯನ್ನು ಬಿಡಲಾರದ ನಾನು ಸದ್ದನ್ನು ಹಾಗೆ ಆನ್ ಆಫ್ ಮಾಡದೆ ಹಿಗ್ಗಿಸುವ ಹಳೆಯ ಕ್ಲಾಸ್ ಎಬಿ ಬಗೆಯದನ್ನೇ, ಪ್ರತಿ ಚಾನೆಲ್ಲಿಗೆ 40 ವ್ಯಾಟ್ ಕೊಡುವುದನ್ನು ಆರಿಸಿದೆ. ಅದು ದೊಡ್ಡದು, ಬಿಸಿಯಾಗುತ್ತದೆ, ಆದ್ದರಿಂದ ಸೀಟಿನ ಕೆಳಗೆ ಗಾಳಿಯಾಡಲು ಎಡೆ ಬಿಡಬೇಕಾಯಿತು. ಬ್ಲೂಟೂತ್ ಬೋರ್ಡಿಗೆ ವೋಲ್ಟೇಜ್ ಇಳಿಸುವ ಕನ್ವರ್ಟರಿಗೂ ಇದೇ ದೋಷವುಂಟು, ಆದರೆ ರೇಡಿಯೊ ಹಾಡುವಾಗ ಎಲೆಸ್ವಿಚ್ಚಿನಿಂದಾಗಿ ಅದಕ್ಕೆ ವಿದ್ಯುತ್ತೇ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ಕೊನೆಗೆ ಕಿವಿಗೆ ತಿಳಿಯುವ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಸ್ಪೀಕರುಗಳದ್ದು ಮತ್ತು ಅವು ಕೂರುವ ಬಾಗಿಲುಗಳದ್ದು ಎಂಬುದೇ ನನ್ನ ಅಭಿಪ್ರಾಯ. ಡೋರ್ ಪ್ಯಾಡ್ ತೆಗೆದು ನೋಡಿದರೆ ಹಳೆಯ ಸ್ಪೀಕರಿನ ಕಾಗದದ ಕೋನು ಮಳೆನೀರು ಕುಡಿದು ಅಲೆಅಲೆಯಾಗಿತ್ತು. ಗಾಜಿನ ಅಂಚಿನಿಂದ ಇಳಿಯುವ ನೀರು ಬಾಗಿಲಿನ ಒಳಗೇ ಹರಿದು ಕೆಳಗಿನ ತೂತುಗಳಿಂದ ಹೊರಬೀಳುತ್ತದೆ, ಕಾರುಗಳನ್ನು ಹಾಗೆಯೇ ಕಟ್ಟಿರುತ್ತಾರೆ. ಆದ್ದರಿಂದ ಪಾಲಿಪ್ರೊಪಿಲೀನ್ ಕೋನು, ರಬ್ಬರಿನ ಅಂಚು ಇರುವ ಸ್ಪೀಕರನ್ನೇ ಕೊಳ್ಳಬೇಕು. ಸ್ಪೀಕರ್ ಕೂರಿಸಲು ಅಳತೆಯ ಉಂಗುರ ಮಾಡಿಸುವುದಾದರೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯದು ಬೇಡ, ಒಂದೇ ಮಳೆಗಾಲಕ್ಕೆ ಅದು ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ವಾಸಿ. ಇನ್ನೊಂದು ಮುಖ್ಯ ಅಳತೆ ಆಳದ್ದು. ಗಾಜನ್ನು ಪೂರ್ತಿ ಕೆಳಗಿಳಿಸಿ, ಮ್ಯಾಗ್ನೆಟ್ಟಿನ ಬೆನ್ನಿಗೂ ಗಾಜಿಗೂ ಎಷ್ಟು ಎಡೆಯಿದೆಯೆಂದು ನೋಡದೆ ಸ್ಪೀಕರ್ ಕೊಳ್ಳಲು ಹೋಗಬಾರದು. ಕಂಪನಿಯ ಪ್ಲಾಸ್ಟಿಕ್ ಜಾಲರಿಯ ಹಿಂದೆಯೇ ಕೂರಬೇಕಾದ್ದರಿಂದ ಏರುದನಿಗೆಂದು ಇರುವ ಪುಟ್ಟ ಸ್ಪೀಕರು, ಅಂದರೆ ಟ್ವೀಟರ್, ಬೇರೆಯಾಗಿರುವ ಸೆಟ್ ನನಗೆ ಒಗ್ಗಲಿಲ್ಲ. ಅದರ ಧ್ವನಿ ಮೇಲು, ನಿಜ. ಆದರೆ ಟ್ವೀಟರಿಗಾಗಿ ಬಾಗಿಲಿನ ಮೇಲ್ಭಾಗದಲ್ಲಿ ತೂತು ಕೊರೆಯಬೇಕು. ನಡುವಿನಲ್ಲೇ ಟ್ವೀಟರ್ ಇರುವ ಕೋಆಕ್ಸಿಯಲ್ ಸ್ಪೀಕರಿಗೆ ತೃಪ್ತನಾದೆ.

ಸ್ಪೀಕರ್ ಆರಿಸುವಾಗ ಹೆಚ್ಚಿನವರು ನೋಡುವುದು ಎಷ್ಟು ವ್ಯಾಟ್ ತಡೆಯುತ್ತದೆ ಎಂಬುದನ್ನು. ನೋಡಬೇಕಾದದ್ದು ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಹೊರಡುತ್ತದೆ ಎಂಬುದನ್ನು. 89 ಡೆಸಿಬೆಲ್ಲಿನ ಸ್ಪೀಕರಿಗೆ 40 ವ್ಯಾಟ್ ಕೊಟ್ಟಾಗ ಬರುವಷ್ಟು ಸದ್ದು 92 ಡೆಸಿಬೆಲ್ಲಿನದರಿಂದ 20 ವ್ಯಾಟಿಗೇ ಬರುತ್ತದೆ. ಹಳೆಯ ಆಲ್ಟರ್ನೇಟರ್ ಇರುವ ಕಾರಿನಲ್ಲಿ ಏಸಿ, ಹೆಡ್‌ಲೈಟು, ವೈಪರು ಎಲ್ಲವೂ ಓಡುವ ಮಳೆಯ ರಾತ್ರಿ ಈ ಉಳಿತಾಯ ಸಣ್ಣದಲ್ಲ.

ಬಾಗಿಲಿನ ತಗಡು ತೆಳುವಾದ್ದರಿಂದ ಅದು ತಾನೂ ಹಾಡಲು ನೋಡುತ್ತದೆ. ಹೊರತಗಡಿನ ಒಳಮೈಯನ್ನು ಸ್ಪಿರಿಟ್ಟಿನಿಂದ ಒರಸಿ, ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟನ್ನು ಸಣ್ಣ ರೋಲರಿನಿಂದ ಒತ್ತಿ ಅಂಟಿಸಿದೆ. ಇಡೀ ತಗಡನ್ನು ಮುಚ್ಚುವ ಅಗತ್ಯವಿಲ್ಲ. ಸ್ಪೀಕರಿನ ನೇರ ಹಿಂದೆ ಮತ್ತು ಅಗಲವಾದ ಸಪಾಟು ಜಾಗದಲ್ಲಿ ಹಚ್ಚಿದರೆ ಸಾಕು, ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು. ಅಗ್ಗಕ್ಕೆ ಸಿಗುವ ಬಿಟುಮೆನ್ ಶೀಟು ಬಿಸಿಲಲ್ಲಿ ಮೆತ್ತಗಾಗಿ ಡಾಂಬರಿನ ವಾಸನೆ ಬೀರುವುದರಿಂದ ಅದರ ತಂಟೆಗೆ ಹೋಗಲಿಲ್ಲ. ಬಾಗಿಲು ಹಾಕಿದಾಗ ಬರುತ್ತಿದ್ದ ಡಬ್ಬಿಯ ಸದ್ದು ಹೋಗಿ ಒಂದು ಬಗೆಯ ಗಾಂಭೀರ್ಯ ಬಂದದ್ದು ಇದರ ಜೊತೆಗೆ ಸಿಕ್ಕ ಲಾಭ. ಪ್ಯಾಡ್ ಮುಚ್ಚುವ ಮೊದಲು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಪುನಃ ಅಂಟಿಸಬೇಕು. ಹಳೆಯ ಕ್ಲಿಪ್ಪುಗಳು ತೆಗೆಯುವಾಗಲೇ ಮುರಿಯುತ್ತವೆ, ಹೊಸದನ್ನು ಮೊದಲೇ ತಂದಿಟ್ಟುಕೊಂಡಿರಬೇಕು.

ಹಿಂದಿನ ಸೀಟಿನ ಬೆನ್ನಿಗಿರುವ ಪಾರ್ಸೆಲ್ ಟ್ರೇಯಲ್ಲಿ ಸೆಡಾನ್ ಕಾರುಗಳಿಗೆ ಒಂದು ಅನುಕೂಲವಿದೆ. ಕೋನಿನ ಬೆನ್ನ ಕಡೆಯ ಸದ್ದನ್ನು ಡಿಕ್ಕಿ ನುಂಗಿಕೊಳ್ಳುವುದರಿಂದ ಬೇರೆ ಡಬ್ಬಿಯಿಲ್ಲದೆಯೇ 6×9 ಇಂಚಿನ ಅಂಡಾಕಾರದ ಸ್ಪೀಕರುಗಳಿಂದ ಸಾಕಷ್ಟು ಬಾಸ್ ಹೊರಡುತ್ತದೆ. ಹಾಗಾಗಿ ಸಬ್‌ವೂಫರ್ ಎಂಬ ಡ್ರಮ್ಮನ್ನು ಡಿಕ್ಕಿಯಲ್ಲಿ ಹೊತ್ತು ತಿರುಗುವುದು ತಪ್ಪಿತು. ಅವನ್ನು ಟ್ರೇಯ ಮೇಲೆ ಕೂರಿಸದೆ, ಬಟ್ಟೆಯ ಹೊದಿಕೆಯ ಅಡಿಯಿಂದ ಬಿಗಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ತಂತಿಗಳೆಲ್ಲ ಹೊಸವೇ ಆಗಬೇಕು. ಹಳೆಯ ಸ್ಪೀಕರುಗಳ ನೆಗೆಟಿವ್ ತಂತಿ ಕಾರಿನ ಲೋಹದ ಮೈಗೆ ಸೇರಿರುವ ಸಾಧ್ಯತೆಯಿದೆ. ಎರಡೂ ತುದಿ ಆಡಿಸುವ ಆಂಪ್ಲಿಫಯರಿನ ತಂತಿ ಆ ಮೈಗೆ ತಗುಲಿದರೆ ಅದರ ಕಥೆ ಮುಗಿಯಿತು. ಬ್ಯಾಟರಿಯಿಂದ ಹೊರಟ ದಪ್ಪ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು, ಇಂಜಿನ್ ಕಡೆಯಿಂದ ಒಳಬರಲು ಇರುವ ರಬ್ಬರ್ ಬುಷ್ಷನ್ನೇ ಬಳಸಬೇಕು. ಸ್ಪೀಕರಿನ ಪ್ಲಸ್ ಮೈನಸ್ ಗೊಂದಲ ಬಂದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಗಳಿಗೆ ಕ್ಷಣಮಾತ್ರ ತಾಗಿಸಿ, ಕೋನು ಮುಂದಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ಇರುವ ತಂತಿಯೇ ಪ್ಲಸ್ ಎಂದು ಗುರುತು ಹಾಕಿಕೊಳ್ಳಬಹುದು. ಒಂದು ಬಾಗಿಲಿನದು ತಿರುವುಮುರುವಾದರೂ ಬಾಸ್ ಮಾಯವಾಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಸದ್ದು ಕೇಳಿದರೆ ಅದು ಆಲ್ಟರ್ನೇಟರಿನ ಸದ್ದು ಅರ್ತ್ ದಾರಿಯಿಂದ ನುಸುಳುತ್ತಿರುವ ಲಕ್ಷಣ. ಬ್ಲೂಟೂತ್ ಬೋರ್ಡಿಗೆ ಐಸೊಲೇಟೆಡ್, ಅಂದರೆ ಒಳ ಹೊರ ಅರ್ತ್ ಬೇರೆಬೇರೆಯಾಗಿರುವ, ಕನ್ವರ್ಟರ್ ಹಾಕಿದ್ದು ಮತ್ತು ಆಂಪ್ಲಿಫಯರಿನ ಅರ್ತನ್ನು ಬಣ್ಣ ಕೆರೆದ ತಗಡಿಗೆ ಬಿಗಿದದ್ದು ಈ ಕಾರಣಕ್ಕೇ.

ಮುಂದಿನ ಸ್ಪೀಕರುಗಳಿಗೆ 80 ಹರ್ಟ್ಸಿಗಿಂತ ಕೆಳಗಿನದು ಹೋಗದಂತೆ ಆಂಪ್ಲಿಫಯರಿನಲ್ಲೇ ಕತ್ತರಿಸಿ, ಹಿಂದಿನವುಗಳ ಮಟ್ಟವನ್ನು ಮುಂದಿನವುಗಳಿಗಿಂತ ತಗ್ಗಿಸಿಟ್ಟಿದ್ದೇನೆ. ಹಾಡು ಎದುರಿನಿಂದ ಬರಬೇಕು, ಬೆನ್ನಿಂದಲ್ಲ. ಪ್ಲೇಯರಿನ ಹಸಿರು ದೀಪವನ್ನು ಎಲ್‌ಇಡಿಗೆ ಬದಲಿಸಿ ಎಂದು ಹಲವರು ಹೇಳಿದರು. ಹಸಿರು ರಬ್ಬರ್ ಟೊಪ್ಪಿಯ ಅದೇ ಪುಟ್ಟ ಬಲ್ಬು ಈಗಲೂ ಸಿಗುವಾಗ ಅದರ ಅಗತ್ಯ ಕಾಣಲಿಲ್ಲ. ಫೋನಿನಲ್ಲಿ ಮಾತನಾಡಲು ಮೈಕ್ ಅಳವಡಿಸುವ ಅವಕಾಶವೂ ಆ ಬೋರ್ಡಿನಲ್ಲಿತ್ತು. ಅದನ್ನು ಅಡಗಿಸಿಡಲು ತಕ್ಕ ಜಾಗ ಸಿಗಲಿಲ್ಲ ಎಂಬುದು ಮನೆಯವರಿಗೆ ಕೊಟ್ಟಿರುವ ಕಾರಣ. ಕಾರು ಓಡಿಸುವಾಗ ಫೋನು ಎತ್ತುವ ಇಷ್ಟ ನನಗಿಲ್ಲ.