ಗೋಲಿ ಡಬ್ಬಿ, ಮೂರನೆಯ ಅವತಾರ

ಶುಕ್ರವಾರ ಐದನೆಯ ಅವಧಿಯಲ್ಲಿ ಏಳನೆಯ ತರಗತಿಯ ಗೋಲಿ ಡಬ್ಬಿ ಕೊನೆಗೂ ತುಂಬಿತು. ಶುರು ಮಾಡಿ 11 ವಾರಗಳಾಗಿದ್ದವು. 150ನೆಯ ಗೋಲಿ ಪೈಪಿನೊಳಗೆ ಉರುಳಿ ತಗಡಿಗೆ ಬಡಿದಾಗ 34 ಮಕ್ಕಳು ಹಾಕಿದ ಕೂಗಿಗೆ ಪಕ್ಕದ ತರಗತಿಯ ಮೇಡಂ ಏನು ಅನಾಹುತವಾಯಿತೋ ಎಂದು ಓಡಿ ಬಂದರು. ಇದು ಶಿಸ್ತಿನ ಪ್ರಯೋಗ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಡಬ್ಬಿಯ ಮೂಲ ಲೆಕ್ಕ ಇಷ್ಟೇ: ತರಗತಿ ಚೆನ್ನಾಗಿ ನಡೆದುಕೊಂಡರೆ ನಾನು ಅದಕ್ಕೆ ಒಂದು ಗೋಲಿ ಹಾಕುತ್ತೇನೆ. ಮಕ್ಕಳೇ ಬರೆದ ಮೂರು ನಿಯಮಗಳು, ಇಡೀ ತರಗತಿಗೆ ಒಂದೇ ಡಬ್ಬಿ, ಗೋಲಿಗಳು ಅದರ ಗೆರೆ ಮುಟ್ಟಿದರೆ ಶನಿವಾರದ ಕೊನೆಯ ಅವಧಿ ಲಗೋರಿ. ಅದನ್ನು ಬಿಟ್ಟು ನೇರವಾಗಿ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ: ಒಮ್ಮೆ ಹಾಕಿದ ಗೋಲಿಯನ್ನು ವಾಪಸ್ ತೆಗೆಯುವುದು.

ಮೊದಲ ಅವತಾರ ಮನೆಯಲ್ಲಿದ್ದ ಉಪ್ಪಿನಕಾಯಿಯ ಗಾಜಿನ ಜಾಡಿ. ಎಷ್ಟು ತೊಳೆದರೂ ಗೋಲಿಗಳಿಗೆಲ್ಲ ಮಾವಿನಕಾಯಿಯ ವಾಸನೆ. ಚೆನ್ನಾಗಿ ನಡೆದರೆ ಒಂದು ಗೋಲಿ ಒಳಗೆ, ಗಲಾಟೆಯಾದರೆ ಒಂದು ಹೊರಗೆ. ಕಿಟಕಿ ಪಕ್ಕ ಕೂರುವ ಹುಡುಗನೊಬ್ಬ ನಾಲ್ಕೇ ದಿನದಲ್ಲಿ ಈ ಯಂತ್ರದ ಕೀಲಿಕೈ ಕಂಡುಕೊಂಡ. ಅವನು ಒಂದು ಶಿಳ್ಳೆ ಹಾಕಿದರೆ ಸಾಕು, ಸರ್ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಚಾಕ್‌ಪೀಸ್ ಕೆಳಗಿಡುತ್ತಾರೆ, ಜಾಡಿಯ ತನಕ ನಡೆಯುತ್ತಾರೆ, 33 ಮುಖಗಳು ಕಿಟಕಿಯ ಕಡೆ ತಿರುಗುತ್ತವೆ. ಟಿಕೆಟ್ ಇಲ್ಲದೆ ಇಷ್ಟು ದೊಡ್ಡ ದೃಶ್ಯವನ್ನು ಯಾವ ಕಂಪನಿ ನಾಟಕದವರೂ ಕೊಡುವುದಿಲ್ಲ. ಬುಧವಾರ 41 ಇದ್ದ ಗೋಲಿಗಳು ಶುಕ್ರವಾರದ ಹೊತ್ತಿಗೆ 19. ಇನ್ನೂ ಕೆಟ್ಟದ್ದೆಂದರೆ, ಉಳಿದ ಮಕ್ಕಳೆಲ್ಲ ಪೊಲೀಸರಾದರು. ಒಂದು ಸಂಜೆ ಗೇಟಿನ ಬಳಿ ಅವನ ಅಂಗಿಯ ಎರಡು ಗುಂಡಿ ಕಿತ್ತುಬಂದವು. ಅಂದೇ ಜಾಡಿಯನ್ನು ಮನೆಗೆ ಒಯ್ದೆ. ಅದರಲ್ಲಿ ಈಗ ನಿಂಬೆಕಾಯಿ ಇದೆ.

ಇದು ನಮ್ಮ ಊರಿನ ಕಾಯಿಲೆಯೇನಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ನಾಲ್ಕನೆಯ ತರಗತಿಯಲ್ಲಿ ಬ್ಯಾರಿಶ್, ಸಾಂಡರ್ಸ್ ಮತ್ತು ವುಲ್ಫ್ ಎಂಬುವರು 'ಒಳ್ಳೆಯ ನಡತೆಯ ಆಟ'ವನ್ನು ಆಡಿಸಿ 1969ರಲ್ಲಿ ವರದಿ ಪ್ರಕಟಿಸಿದರು. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದವರ ತಂಡಕ್ಕೆ ಬೋರ್ಡಿನ ಮೇಲೆ ಗುರುತು ಹಾಕುವುದು. ಕಡಿಮೆ ಗುರುತಿನ ತಂಡಕ್ಕೆ ಗೆಲುವು, ಎರಡೂ ಮಿತಿಯೊಳಗೆ ಉಳಿದರೆ ಇಬ್ಬರಿಗೂ ಗೆಲುವು. ಆಟ ಚೆನ್ನಾಗಿಯೇ ಫಲಿಸಿತು. ಆದರೆ ಅಲ್ಲಿಯೂ ಇಬ್ಬರು ಮಕ್ಕಳು 'ನಾವು ಆಡುವುದಿಲ್ಲ' ಎಂದು ಕೈ ಎತ್ತಿಬಿಟ್ಟಿದ್ದರು, ಅವರ ತಪ್ಪಿಗೆ ತಂಡವನ್ನು ದಂಡಿಸುವುದು ಸರಿಯಲ್ಲವೆಂದು ಅವರನ್ನು ಬೇರೆ ಮಾಡಬೇಕಾಯಿತು. ಅದನ್ನು ಓದಿದಾಗ ಶಿಳ್ಳೆಗಾರರ ವಂಶ ಬಹಳ ಹಳೆಯದು ಎಂದು ಸಮಾಧಾನವಾಯಿತು.

ಎರಡನೆಯ ಅವತಾರದಲ್ಲಿ ತೆಗೆಯುವ ನಿಯಮವನ್ನೇ ಕಿತ್ತುಹಾಕಿದೆ. ಆದರೆ ನನ್ನ ಕೈ ಕೇಳಬೇಕಲ್ಲ! ಸಿಟ್ಟು ಬಂದ ಕೂಡಲೇ ಅದು ತಾನಾಗಿ ಡಬ್ಬಿಯ ಬಾಯಿಗೆ ಹೋಗುತ್ತಿತ್ತು. ಮಕ್ಕಳೂ ಬಿಡುತ್ತಿರಲಿಲ್ಲ, 'ಸರ್, ಒಂದು ತೆಗೆಯಿರಿ' ಎಂದು ಚಾಡಿಯ ಜೊತೆಗೇ ಶಿಕ್ಷೆಯನ್ನೂ ಸೂಚಿಸುತ್ತಿದ್ದರು. ಹಾಗಾಗಿ ದೇವಸ್ಥಾನದ ಹುಂಡಿಯ ಹಾಗೆ ಮಾಡಲು ಹೊರಟೆ: ಹಾಕಬಹುದು, ತೆಗೆಯಲಾಗದು. ಮೇಲೆ ಲಾಳಿಕೆ, ನಡುವೆ ಎರಡು ಬೆಂಡಿನ ಪೈಪು, ಕೆಳಗೆ ಮುಚ್ಚಿದ ಡಬ್ಬಿ.

ಇಲ್ಲಿ ಅಂಗಡಿಯವರ ಬಗ್ಗೆ ಎರಡು ಮಾತು. ಒಂದೇ ಅಳತೆಯ ಗೋಲಿ ಕೊಡಿ ಎಂದು ಬಾಯಿಬಿಟ್ಟು ಕೇಳಿ ಒಂದು ಕಿಲೋ ತಂದರೆ ಅದರಲ್ಲಿ 16 ಮಿಲಿಮೀಟರಿನದರ ಜೊತೆ ನೆಲ್ಲಿಕಾಯಿ ಗಾತ್ರದವೂ ಏಳೆಂಟು. ಅರ್ಧ ಇಂಚಿನ ಪೈಪಿನಲ್ಲಿ ಚಿಕ್ಕವೂ ಇಳಿಯಲಿಲ್ಲ, ಮುಕ್ಕಾಲು ಇಂಚಿನದರಲ್ಲಿ ದೊಡ್ಡವು ಬೆಂಡಿಗೆ ಸಿಕ್ಕಿಕೊಂಡವು. ತರಿಸಿದ ಅಕ್ರಿಲಿಕ್ ಕೊಳವೆ ಎರಡು ಸಲವೂ ಸೀಳಿಕೊಂಡೇ ಬಂತು. ಫೋನ್ ಮಾಡಿದರೆ 'ನಿಮ್ಮ ಕಡೆಯ ರಸ್ತೆ ಸರಿಯಿಲ್ಲ ಸಾರ್' ಎಂಬ ಉತ್ತರ. ರಸ್ತೆ ಸರಿಯಿಲ್ಲದಿರುವುದು ನಿಜವಾದ್ದರಿಂದ ಜಗಳವನ್ನು ಮುಂದುವರಿಸಲಾಗಲಿಲ್ಲ. ಕೊನೆಗೆ ಚಕ್ಕುಲಿ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯೇ ಗತಿಯಾಯಿತು.

ಹುಂಡಿ ಬಂದಿತು, ಶಿಳ್ಳೆ ಹೋಗಲಿಲ್ಲ. ಮೂರು ವಾರ ತಲೆ ಚಚ್ಚಿಕೊಂಡೆ. ಗೆರೆಯನ್ನು ಇಳಿಸಿದೆ, ಲಗೋರಿಯ ಬದಲು ಖೋ ಖೋ ಎಂದೆ, ಅವನ ಬೆಂಚು ಬದಲಿಸಿದೆ (ಹೊಸ ಜಾಗದಲ್ಲಿ ಶಿಳ್ಳೆ ಇನ್ನೂ ಚೆನ್ನಾಗಿ ಕೇಳಿಸಿತು). ಯಾವುದೂ ನಾಟಲಿಲ್ಲ.

ಆಗ ನೆನಪಾದದ್ದು 1968ರ ಮ್ಯಾಡ್ಸನ್, ಬೆಕರ್, ಥಾಮಸ್ ಅವರ ಅಧ್ಯಯನ. ಬರೀ ನಿಯಮ ಹೇಳುವುದರಿಂದ ಹೆಚ್ಚೇನೂ ಆಗುವುದಿಲ್ಲ, ಸಣ್ಣಪುಟ್ಟ ಚೇಷ್ಟೆಯನ್ನು ನೋಡದಂತಿದ್ದು ಒಳ್ಳೆಯದನ್ನು ಹೊಗಳಿದರೆ ಬದಲಾವಣೆ ಬರುತ್ತದೆ ಎಂದು ಅವರು ತೋರಿಸಿದ್ದರು. ಬಿ.ಎಡ್. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವನೇ ನಾನು. ಸರಿ, ನನ್ನನ್ನೇ ಅಳೆದುಕೊಳ್ಳೋಣ ಎಂದು ಪ್ಯಾಂಟಿನ ಎಡಜೇಬಿಗೆ ಹುಣಸೆ ಬೀಜ ತುಂಬಿಕೊಂಡು ಹೋದೆ. ಬೈದರೆ ಒಂದು ಬೀಜ ಬಲಜೇಬಿಗೆ, ಹೊಗಳಿದರೆ ಅಂಗಿಯ ಜೇಬಿಗೆ. ಕಿಟಕಿ ಪಕ್ಕದವನ ಪಾಲಿನ ಬೈಗುಳಕ್ಕೆ ಪ್ರತ್ಯೇಕವಾಗಿ ಅವರೆಕಾಳು.

40 ನಿಮಿಷದ ಒಂದು ಅವಧಿ ಮುಗಿದ ಮೇಲೆ ಸ್ಟಾಫ್ ರೂಮಿನ ಮೇಜಿನ ಮೇಲೆ ಜೇಬು ಸುರಿದೆ. ಹೊಗಳಿಕೆ 3. ಬೈಗುಳ 21. ಅದರಲ್ಲಿ ಅವರೆಕಾಳು 14.

ಗೋಲಿ ತೆಗೆಯುವುದನ್ನು ನಿಲ್ಲಿಸಿದ್ದೆ, ನಾಟಕವನ್ನು ನಿಲ್ಲಿಸಿರಲಿಲ್ಲ. ಒಂದೇ ಅವಧಿಯಲ್ಲಿ 14 ಪ್ರದರ್ಶನ, ನಾಯಕ ಅವನು, ಖಳನಾಯಕ ನಾನು. ಕಾಳು ನೋಡಿ ನಮ್ಮ ಹಿರಿಯ ಮೇಷ್ಟರೊಬ್ಬರು 'ಒಂದು ಬೆತ್ತ ಇದ್ದಿದ್ದರೆ ಈ ಕಿರಾಣಿ ಅಂಗಡಿ ಬೇಕಿತ್ತೇ?' ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನೆನಪಿಸಿದೆ. ಅದು ನಿಷೇಧಿಸುವ ದೈಹಿಕ ಶಿಕ್ಷೆಯ ಪಕ್ಕದಲ್ಲೇ ಮಾನಸಿಕ ಹಿಂಸೆಯೂ ಇದೆಯೆಂಬುದು, ಮೇಜಿನ ಮೇಲೆ 21 ಬೀಜ ಬಿದ್ದಿರುವಾಗ, ಬಾಯಿಂದ ಸ್ವಲ್ಪ ಮೆಲ್ಲಗೆ ಬಂತು.

ಆ ವಾರ ಎರಡು ಹುಣಸೆ ಬೀಜಗಳು ವಾಷಿಂಗ್ ಮಷೀನಿಗೂ ಹೋದವು. ಸಂಗತಿ ತಿಳಿದ ಮೇಲೆ ನನ್ನ ಹೆಂಡತಿ 'ಮನೆಯಲ್ಲಿಯೂ ಒಂದು ದಿನ ಎಣಿಸಿ ನೋಡಿ' ಎಂದಳು. ಆ ಯೋಜನೆಯನ್ನು ಸದ್ಯಕ್ಕೆ ಮುಂದೂಡಿದ್ದೇನೆ.

ಹಾಗಾದರೆ ಹೊಗಳುವುದು ಸುಲಭವೇ? 'ಗುಡ್', 'ವೆರಿ ಗುಡ್', 'ಶಭಾಷ್' ಮುಗಿದ ಮೇಲೆ ನಮ್ಮ ಬೊಕ್ಕಸ ಖಾಲಿ. ಮೇಲಾಗಿ ಇವರಿಗೆ ಹನ್ನೆರಡು ಹದಿಮೂರರ ವಯಸ್ಸು. ತಾನಾಗಿ ಕೈ ಎತ್ತಿ ಉತ್ತರಿಸಿದ ಹುಡುಗಿಯೊಬ್ಬಳನ್ನು ಎಲ್ಲರೆದುರು ಕೊಂಡಾಡಿದೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಆಕೆ ಎರಡು ದಿನ ಕೈ ಎತ್ತಲಿಲ್ಲ. ಒಂದನೆಯ ತರಗತಿಯಲ್ಲಿ ಚಪ್ಪಾಳೆ ಬಹುಮಾನ, ಏಳನೆಯದರಲ್ಲಿ ಅದೇ ಚಪ್ಪಾಳೆ ದಂಡ.

ಮೂರನೆಯ ಅವತಾರ ಹುಟ್ಟಿದ್ದು ಇಲ್ಲಿಂದ. ಪೈಪಿನ ಕೊನೆಯಲ್ಲಿ ಹಳೆಯ ಸ್ಟೀಲ್ ಡಬ್ಬಿಯೊಂದರ ಮುಚ್ಚಳವನ್ನು ಓರೆಯಾಗಿ ತೂಗುಹಾಕಿದೆ (ತಳಕ್ಕೆ ಇಡಬೇಡಿ, ಗೋಲಿ ತುಂಬಿದಂತೆ ದನಿ ಸತ್ತುಹೋಗುತ್ತದೆ). ಗೋಲಿ ಬೆಂಡುಗಳಲ್ಲಿ ಗಡಗಡ ಉರುಳಿ, ಮುಚ್ಚಳಕ್ಕೆ ಬಡಿದು ಟಣ್ಣೆಂದು ಒಳಗೆ ಬೀಳುತ್ತದೆ. ನಾನು ಏನೂ ಹೇಳುವುದಿಲ್ಲ, ಯಾರ ಹೆಸರನ್ನೂ ಎತ್ತುವುದಿಲ್ಲ. ಬೋರ್ಡಿನ ಪಕ್ಕದಲ್ಲೇ ಡಬ್ಬಿ, ಬರೆಯುತ್ತಲೇ ಎಡಗೈಯಲ್ಲಿ ಒಂದು ಗೋಲಿ ಬಿಡುತ್ತೇನೆ. ಟಣ್! ತರಗತಿ ಒಂದು ಕ್ಷಣ ಸ್ತಬ್ಧ. ಈಗ ಯಾವುದಕ್ಕೆ ಬಿತ್ತು ಎಂದು ಕಣ್ಣುಗಳು ಹುಡುಕುತ್ತವೆ: ಪಕ್ಕದವಳಿಗೆ ಜಾಮಿಟ್ರಿ ಬಾಕ್ಸ್ ಕೊಟ್ಟದ್ದಕ್ಕೋ, ಪುಸ್ತಕ ಆಗಲೇ ತೆರೆದಿಟ್ಟದ್ದಕ್ಕೋ? ಮಾತಿನ ಹೊಗಳಿಕೆಯನ್ನು ಬೆಂಚಿನ ಪಕ್ಕ ಹಾದುಹೋಗುವಾಗ, ಆ ಮಗುವಿಗಷ್ಟೇ ಕೇಳಿಸುವಷ್ಟು: 'ಕೇಳುವ ಮೊದಲೇ ಪುಸ್ತಕ ತೆಗೆದಿದ್ದೀಯ, ನನಗೆ ಎರಡು ನಿಮಿಷ ಉಳಿಯಿತು.'

ಶಿಳ್ಳೆಗೆ ನಾನು ಕಿವುಡ. ಮೊದಲ ಮಂಗಳವಾರ ಒಂದೇ ಅವಧಿಯಲ್ಲಿ ಒಂಬತ್ತು ಸಲ! ಆರುವ ದೀಪ ಭುಗ್ಗೆಂದು ಉರಿಯುತ್ತದೆ ಎಂದು ತಿಳಿದಿದ್ದರೂ ಒಂಬತ್ತನೆಯದಕ್ಕೆ ನಾಲಗೆ ಕಚ್ಚಿಕೊಂಡೆ, ಅಕ್ಷರಶಃ. ಗುರುವಾರ ಎರಡು. ಮುಂದಿನ ವಾರ ಗೋಲಿಯೊಂದು ಬೆಂಡಿನಲ್ಲಿ ನಿಂತಾಗ ಕಿಟಕಿಯ ಕಡೆಯಿಂದ ದನಿ ಬಂತು: 'ಸರ್, ಅದು ದೊಡ್ಡ ಗೋಲಿ. ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ.' ಹೊಡೆದೆವು, ಬಂತು. ಅವನು ಪೂರ್ತಿ ಬದಲಾದ ಎಂದುಕೊಳ್ಳಬೇಡಿ, ಸೋಮವಾರದ ಮೊದಲ ಅವಧಿಗೆ ಒಂದು ಶಿಳ್ಳೆ ಈಗಲೂ ಇದೆ. ಬೀಜದ ಲೆಕ್ಕ ಈಗ ಹೊಗಳಿಕೆ 12, ಬೈಗುಳ 7.

ಈ ಉಮೇದಿನಲ್ಲಿ ಓದುವ ಮೂಲೆಗೂ ಡಬ್ಬಿ ಇಡುತ್ತೀರಾ ಎಂದು ಪಕ್ಕದ ತರಗತಿಯ ಮೇಡಂ ಕೇಳಿದರು. ಇಡುವುದಿಲ್ಲ. 1973ರಲ್ಲಿ ಲೆಪರ್ ಮತ್ತು ಜೊತೆಗಾರರು, ಚಿತ್ರ ಬರೆಯಲು ತಾವಾಗಿ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಮಾತು ಕೊಟ್ಟು ಬರೆಸಿದರು. ಮುಂದೆ ಆ ಮಕ್ಕಳು ಪೆನ್ನು ಹಿಡಿಯುವುದೇ ಕಡಿಮೆಯಾಯಿತು. ತಾವಾಗಿ ಕಥೆಪುಸ್ತಕ ಎಳೆದುಕೊಂಡು ಕೂರುವ ಆರೇಳು ಮಕ್ಕಳಿದ್ದಾರೆ, ಅವರನ್ನು ಕೆಡಿಸುವ ಕೆಲಸ ನನಗೆ ಬೇಡ.

ನನ್ನ ಕಣ್ಣಿರುವುದು ಬಿಸಿಯೂಟದ ನಂತರದ ನಲ್ಲಿಯ ಸಾಲಿನ ಮೇಲೆ. ತಟ್ಟೆ ತೊಳೆಯುವಾಗ ದಿನವೂ ನೂಕಾಟ. ನೆಲಕ್ಕೆ ಹೆಜ್ಜೆಗುರುತು ಬಳಿಯಲು ಬಣ್ಣವನ್ನೂ ತಂದಿದ್ದೆ. ನಿನ್ನೆ ಸುಮ್ಮನೆ ನಿಂತು ನೋಡಿದರೆ ನಾಲ್ಕು ನಲ್ಲಿಗಳಲ್ಲಿ ನೀರು ಸರಿಯಾಗಿ ಬರುವುದು ಒಂದರಲ್ಲಿ ಮಾತ್ರ. ಬಣ್ಣದ ಡಬ್ಬ ಮುಚ್ಚಿಟ್ಟು ಪ್ಲಂಬರಿಗೆ ಫೋನ್ ಮಾಡಿದ್ದೇನೆ. ನಾಳೆ ಬರುತ್ತೇನೆ ಎಂದಿದ್ದಾರೆ, ಯಾವ ನಾಳೆ ಎಂದು ಹೇಳಿಲ್ಲ.

ನಿನ್ನೆ ಲಗೋರಿಯೂ ಆಯಿತು. ಎರಡನೆಯ ಆಟಕ್ಕೇ ಚೆಂಡು ಅಡುಗೆ ಕೋಣೆಯ ಹೆಂಚಿನ ಮೇಲೆ ಹೋಗಿ ಕುಳಿತದ್ದರಿಂದ ಉಳಿದ ಅರ್ಧ ಗಂಟೆ ಚೆಂಡು ಇಳಿಸುವ ಆಟ. ಸೋಮವಾರ ಡಬ್ಬಿ ಖಾಲಿ ಮಾಡಿ ಮೊದಲಿನಿಂದ ಶುರು ಮಾಡಬೇಕು. ನನ್ನ ಕೈ ಒಳಗೆ ಹೋಗದಿರಲೆಂದು ಮುಚ್ಚಳಕ್ಕೆ ಸುತ್ತಲೂ ಎಂ-ಸೀಲ್ ಅಂಟು ಮೆತ್ತಿದ್ದೆ, ಅದು ಕಲ್ಲಾಗಿದೆ. ಡಬ್ಬಿ ಒಡೆಯದೆ 150 ಗೋಲಿ ಹೊರತೆಗೆಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.